ಟೆಂಡರ್ ದಿನ ಮಾತ್ರ ಬೀಳುವ ಸರ್ವರ್: ದೋಷ ಹುಡುಕಿದ ಬಗೆ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದು ದಲಾಲಿ ಅಂಗಡಿ. ಒಂದು ಟವರ್ ಸರ್ವರ್, ಅದರಲ್ಲಿ ಲೆಕ್ಕಪತ್ರದ ಟ್ಯಾಲಿ ಸಾಫ್ಟ್‌ವೇರ್, ಅದಕ್ಕೆ ಜೋಡಿಸಿದ ಆರು ಕಂಪ್ಯೂಟರ್. ಸೋಮವಾರ ಮತ್ತು ಗುರುವಾರ ಟೆಂಡರ್, ಅಂದರೆ ಖರೀದಿದಾರರು ಮಾಲಿಗೆ ದರ ಹಾಕುವ ದಿನ. ಆ ಎರಡು ದಿನ, ಅದೂ ಮಧ್ಯಾಹ್ನದ ಮೇಲೆ, ಸರ್ವರ್ ತನ್ನಷ್ಟಕ್ಕೆ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಉಳಿದ ದಿನ ಏನೂ ತಕರಾರಿಲ್ಲ. ಹೊರಗೆ ರೈತರು ಪಟ್ಟಿಗಾಗಿ (ಮಾರಿದ ಮಾಲಿನ ಲೆಕ್ಕದ ಚೀಟಿ) ಕಾಯುತ್ತಾ ನಿಂತಿರುವಾಗಲೇ ಇದು ಆಗುತ್ತಿದ್ದದ್ದು.

ನಾನು ಮೊದಲ ಸಲ ಹೋಗಿದ್ದು ಬುಧವಾರ. ಅದೇ ಮೊದಲ ತಪ್ಪು. ದೋಷ ಕಾಣಿಸಿಕೊಳ್ಳದ ದಿನ ಹೋದರೆ ಕಣ್ಣಿಗೆ ಬಿದ್ದದ್ದನ್ನೆಲ್ಲ ರಿಪೇರಿ ಮಾಡಿ ಬರುತ್ತೇವೆ, ದೋಷ ಮಾತ್ರ ಅಲ್ಲೇ ಇರುತ್ತದೆ. ಸರ್ವರ್ ಬಿಚ್ಚಿದೆ, ಧೂಳು ನೋಡಿದೆ, "ಸಿಕ್ಕಿತು ಕಳ್ಳ" ಅಂದುಕೊಂಡೆ. ಸ್ವಚ್ಛ ಮಾಡಿ, ರ‍್ಯಾಮ್ ತೆಗೆದು ಮತ್ತೆ ಕೂರಿಸಿ, ದುಡ್ಡು ತೆಗೆದುಕೊಂಡು ಬಂದೆ. ಮರುದಿನ ಮಧ್ಯಾಹ್ನ ಎರಡೂಕಾಲಿಗೆ ಅಂಗಡಿಯ ಲೆಕ್ಕ ಬರೆಯುವ ದಿವಾಣಜಿಯವರ ಫೋನು. "ಸಾಹೇಬ್ರ, ಮತ್ತ ಹೋತ್ರಿ."

ಹಾಗಂತ ಬುಧವಾರದ ಕೆಲಸ ಪೂರ್ತಿ ದಂಡವೇನಲ್ಲ. ಬಿಚ್ಚುವ ರೀತಿಯನ್ನು ಮೊದಲು ಹೇಳಿಬಿಡುತ್ತೇನೆ. ಮುಂದೆ ಯಾವ ದೋಷ ಹುಡುಕುವುದಕ್ಕೂ ಅದು ಬೇಕಾಗುತ್ತದೆ.

ಬಿಚ್ಚುವಾಗ

ಮೊದಲು ವಿಂಡೋಸ್ ಸರಿಯಾಗಿ ಶಟ್‌ಡೌನ್ ಮಾಡಿ. ಆಮೇಲೆ ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಕೇಬಲ್ಲನ್ನೇ ಸರ್ವರ್ ಹಿಂದಿನಿಂದ ಕೀಳಬೇಕು. ನಮ್ಮ ಕಡೆ ಎಷ್ಟೋ ಬೋರ್ಡುಗಳಲ್ಲಿ ಸ್ವಿಚ್ ನ್ಯೂಟ್ರಲ್ ಮೇಲೆ ಕೂತಿರುತ್ತದೆ. ಆರಿಸಿದರೂ ಫೇಸ್ ಒಳಗೇ ಇರುತ್ತದೆ. ಎರಡು ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಇರುವ ಸರ್ವರ್ ಆದರೆ ಎರಡೂ ಕೇಬಲ್ ಕೀಳಿ. ಒಂದನ್ನು ಮರೆತು ಕೈ ಹಾಕಿದವರನ್ನು ನೋಡಿದ್ದೇನೆ. ಕೇಬಲ್ ತೆಗೆದ ಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಕರೆಂಟ್ ಇಳಿಯುತ್ತದೆ, ಒಳಗಿನ ಪುಟ್ಟ ದೀಪಗಳು ಆರುತ್ತವೆ. ಆರಿದ ಮೇಲೆ ಮುಚ್ಚಳ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಅದರ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ 325 ರಿಂದ 400 ವೋಲ್ಟ್ ಡಿಸಿ ಇರುತ್ತದೆ. ಕೇಬಲ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಅದು ಕೆಟ್ಟರೆ ಇಡೀ ಡಬ್ಬಿಯನ್ನೇ ಬದಲಿಸಿ, ರಿಪೇರಿ ಬೇಡ.

ಇನ್ನು ಸ್ಟ್ಯಾಟಿಕ್. ನಮ್ಮ ಕೈಗೆ ಚುರ್ ಅನಿಸಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಚಿಪ್ ಸಾಯುವುದಕ್ಕೆ ಅಷ್ಟೇನೂ ಬೇಡ. ಅಂದರೆ ನಮಗೆ ಗೊತ್ತೇ ಆಗದ ಹಾಗೆ ರ‍್ಯಾಮ್ ಸುಟ್ಟಿರುತ್ತೇವೆ. ಮಣಿಕಟ್ಟಿಗೆ ಕಟ್ಟುವ ಸ್ಟ್ರ್ಯಾಪ್ ತೆಗೆದುಕೊಳ್ಳಿ, ಅದರ ಕ್ಲಿಪ್ಪನ್ನು ಸರ್ವರ್‌ನ ಬಣ್ಣ ಹಚ್ಚದ ಲೋಹಕ್ಕೆ ಸಿಕ್ಕಿಸಿ. ಸ್ಟ್ರ್ಯಾಪ್ ಇಲ್ಲದಿದ್ದರೆ ಆಗಾಗ ಆ ಲೋಹ ಮುಟ್ಟುತ್ತಾ ಕೆಲಸ ಮಾಡಿ. ಉಂಗುರ, ಕಡಗ ತೆಗೆದಿಡಿ. ಯಾವುದೇ ಕೇಬಲ್ ಕೀಳುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ. ನೆನಪಿರುತ್ತೆ ಬಿಡಿ ಅಂದುಕೊಂಡ ಕೇಬಲ್ಲೇ ಕೊನೆಗೆ ಕೈಯಲ್ಲಿ ಉಳಿಯುವುದು.

ಮತ್ತೆ ಆ ಧೂಳು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತಾರೆ. ಸರ್ವರ್ ಮುಚ್ಚಳ ತೆಗೆದು ಒಮ್ಮೆ ಉಸಿರು ಎಳೆದುಕೊಂಡವರು ಹಾಗೆ ಹೇಳುವುದಿಲ್ಲ. ಪ್ರೊಸೆಸರ್‌ನ ಬಿಸಿ ಹೊರಹಾಕುವ ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಕೆಂಪು ಬೂದು ಕಂಬಳಿಯ ಹಾಗೆ ಕೂತಿತ್ತು. ಮಾಸ್ಕ್ ಹಾಕಿ, ಸರ್ವರನ್ನು ಅಂಗಳಕ್ಕೆ ತಂದು ಬ್ಲೋವರ್ ಹಿಡಿಯಬೇಕು. ಒಬ್ಬರೇ ಎತ್ತಬೇಡಿ, ಡಿಸ್ಕ್ ಸೇರಿ 20 ಕಿಲೋ ದಾಟುವ ಟವರ್‌ಗಳೂ ಇವೆ. ಗಾಳಿ ಬಿಡುವಾಗ ಫ್ಯಾನನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಬಿಟ್ಟರೆ ಅದು ಅತಿ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಪ್ಲಾಸ್ಟಿಕ್ ಮೂತಿಯೇ ಸ್ಟ್ಯಾಟಿಕ್ ಹುಟ್ಟಿಸುತ್ತದೆ.

ಈ ಅಂಗಡಿಯಲ್ಲಿ ಮುಂದಿನ ಜಾಲರಿಯ ಮೇಲೆ ಇನ್ನೊಂದು ಕೆಂಪೂ ಇತ್ತು. ಮೆಣಸಿನದಲ್ಲ, ಆಯುಧಪೂಜೆಯ ಕುಂಕುಮ. ಪೂಜೆ ಬೇಡ ಅನ್ನುವವನು ನಾನಲ್ಲ. ಆದರೆ ಗಾಳಿ ಒಳಗೆ ಎಳೆದುಕೊಳ್ಳುವ ಜಾಗಕ್ಕೆ ಕುಂಕುಮ ಹಚ್ಚಿದರೆ ಅದು ನೇರವಾಗಿ ಪ್ರೊಸೆಸರ್ ತನಕ ಹೋಗುತ್ತದೆ. ಪಕ್ಕದ ತಗಡಿಗೆ ಹಚ್ಚಿ. ತೆಂಗಿನಕಾಯಿಯನ್ನು ಹೊಸ್ತಿಲ ಹತ್ತಿರ ಒಡೆಯಿರಿ.

ಮೂರು ಪ್ರಶ್ನೆ

ಫೋನ್ ಬಂದ ಮೇಲೆ ಸ್ಕ್ರೂಡ್ರೈವರ್ ಬದಿಗಿಟ್ಟು ಕಾಗದ ಪೆನ್ನು ತೆಗೆದುಕೊಂಡೆ. ಕೇಳಬೇಕಾದದ್ದು ಮೂರೇ. ಯಾವಾಗ ಆಗುತ್ತದೆ? ಅದರ ಜೊತೆ ಇನ್ನೇನು ಆಫ್ ಆಗುತ್ತದೆ? ಇತ್ತೀಚೆಗೆ ಏನು ಬದಲಾಗಿದೆ?

ಮೂರನೆಯದಕ್ಕೆ ಎಲ್ಲರ ಉತ್ತರ ಒಂದೇ: "ಏನೂ ಬದ್ಲಾಗಿಲ್ರಿ." ಇದನ್ನು ಯಾವತ್ತೂ ನಂಬಬೇಡಿ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಒಂದು ಪ್ಲಗ್ ಈ ಕಡೆಯಿಂದ ಆ ಕಡೆಗೆ ಹಾಕಿದ್ದನ್ನು ಯಾರೂ ಬದಲಾವಣೆ ಅಂತ ಲೆಕ್ಕ ಹಿಡಿಯುವುದಿಲ್ಲ, ಅಷ್ಟೇ.

ಮೊದಲನೆಯದಕ್ಕೆ ಸರ್ವರ್ ಹತ್ತಿರವೇ ಉತ್ತರ ಇದೆ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್, ಅಂದರೆ ಯಂತ್ರ ತಾನೇ ಬರೆದಿಡುವ ದಾಖಲೆ, ತೆರೆಯಿರಿ. ಮೂರು ನಂಬರ್ ಮುಖ್ಯ. 1074 ಇದ್ದರೆ ಯಾರೋ ಅಥವಾ ಯಾವುದೋ ಅಪ್‌ಡೇಟ್ ಬೇಕಂತಲೇ ರೀಸ್ಟಾರ್ಟ್ ಮಾಡಿದೆ, ಯಂತ್ರದ ತಪ್ಪಲ್ಲ. 41 ಇದ್ದರೆ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗಿದೆ ಅಂತ. 41 ಬರೀ ಇಷ್ಟೇ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಅದನ್ನು ನೋಡಿ ಎಸ್‌ಎಂಪಿಎಸ್ ಬದಲಿಸಿದವರು ಬೇಕಾದಷ್ಟು ಜನ ಇದ್ದಾರೆ. 6008 ಹೆಚ್ಚು ಉಪಯೋಗದ್ದು. ಹಿಂದಿನ ಸಲ ಇಷ್ಟು ಗಂಟೆಗೆ ಅನಿರೀಕ್ಷಿತವಾಗಿ ಬಂದ್ ಆಯಿತು ಅಂತ ಸಮಯ ಬರೆದಿರುತ್ತದೆ.

ಆ ಸಮಯಗಳನ್ನೆಲ್ಲ ಕಾಗದಕ್ಕೆ ಇಳಿಸಿದೆ. ಒಂದು ತಿಂಗಳಲ್ಲಿ ಏಳು ಸಲ, ಎಲ್ಲವೂ ಮಧ್ಯಾಹ್ನ ಒಂದೂವರೆಯಿಂದ ನಾಲ್ಕರ ಒಳಗೆ. ಪಕ್ಕದಲ್ಲೇ ಆ ದಿನಗಳ ಪಟ್ಟಿ ಪ್ರತಿಗಳ ಕಟ್ಟು ಇತ್ತು. ಈ ಅಂಗಡಿಯ ಪಟ್ಟಿಯ ಕೆಳಗೆ ಸಮಯವೂ ಅಚ್ಚಾಗುತ್ತದೆ. ಲಾಗ್‌ನಲ್ಲಿ 2:07. ಕಟ್ಟಿನಲ್ಲಿ ಆ ದಿನ ಎರಡು ಗಂಟೆ ಸುಮಾರಿಗೆ ಬಂದ ಕೊನೆಯ ಪಟ್ಟಿ 2:06. ಇನ್ನೊಂದು ದಿನ 3:21, ಪಟ್ಟಿ 3:21. ಮೂರನೆಯದು ನೋಡುವ ಹೊತ್ತಿಗೆ ದಿವಾಣಜಿಯವರೂ ಕನ್ನಡಕ ಏರಿಸಿ ಬಗ್ಗಿ ನೋಡುತ್ತಿದ್ದರು.

ಸರ್ವರ್ ಒಳಗೆ ಇನ್ನೊಂದು ಲಾಗ್ ಇರುತ್ತದೆ. ಡೆಲ್ ಆದರೆ ಐಡ್ರ್ಯಾಕ್, ಎಚ್‌ಪಿಇ ಆದರೆ ಐಎಲ್‌ಒ, ಲೆನೊವೊ ಆದರೆ ಎಕ್ಸ್‌ಕ್ಲಾರಿಟಿ ಅಂತ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್ ಮೇಲೆಯೇ ಕೂತಿರುತ್ತದೆ. ವಿಂಡೋಸ್ ಸತ್ತರೂ ಅದು ನೋಡುತ್ತಿರುತ್ತದೆ. ಪ್ರೊಸೆಸರ್ ಬಿಸಿ, ಫ್ಯಾನ್ ನಿಂತದ್ದು, ರ‍್ಯಾಮ್ ತಪ್ಪು, ಎಲ್ಲವನ್ನೂ ಬರೆದಿಡುತ್ತದೆ. ಇಲ್ಲಿ ಆ ಏಳು ಸಮಯಗಳ ಹತ್ತಿರ ಅದರಲ್ಲಿ ಏನೂ ಇರಲಿಲ್ಲ. ಒಂದೇ ಎಸ್‌ಎಂಪಿಎಸ್ ಇರುವ ಸಣ್ಣ ಸರ್ವರ್‌ನಲ್ಲಿ ಹೀಗೆ ಲಾಗ್ ಖಾಲಿ ಇದ್ದರೆ ಅದೂ ಒಂದು ಸುಳಿವು. ಬಿಸಿಯಾಗಿ ಬಿದ್ದಿದ್ದರೆ ಬರೆಯಲು ಅದಕ್ಕೆ ಪುರುಸೊತ್ತು ಇರುತ್ತಿತ್ತು. ಕರೆಂಟೇ ಹೋದರೆ ಬರೆಯುವವನೂ ಅದರ ಜೊತೆಗೇ ಹೋಗುತ್ತಾನೆ.

ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟವನು ಚಹಾ ತರುವ ಹುಡುಗ. "ಆ ಡಬ್ಬಿ ಲೈಟೂ ಎಲ್ಲಾ ಒಮ್ಮೆ ಹೋಗಿ ಬರ್ತಾವ್ರಿ" ಅಂತ ಕಂಪ್ಯೂಟರ್‌ಗಳನ್ನು ಸರ್ವರ್‌ಗೆ ಜೋಡಿಸುವ ನೆಟ್‌ವರ್ಕ್ ಸ್ವಿಚ್ ತೋರಿಸಿದ. ಸರ್ವರ್ ಕೆಟ್ಟಿದ್ದರೆ ಸ್ವಿಚ್‌ನಲ್ಲಿ ಅದರ ಒಂದು ದೀಪ ಆರಬೇಕು, ಅಷ್ಟೇ. ಎಲ್ಲ ದೀಪ ಒಟ್ಟಿಗೆ ಆರಿ ಹತ್ತಿದರೆ ಎರಡಕ್ಕೂ ಕರೆಂಟ್ ಕೊಡುವ ಜಾಗದಲ್ಲಿ ತೊಂದರೆ. ಇಲ್ಲಿ ಆ ಜಾಗ ಯುಪಿಎಸ್, ಕರೆಂಟ್ ಹೋದಾಗ ಬ್ಯಾಟರಿಯಿಂದ ಕೊಡುವ ಡಬ್ಬಿ. ಬುಧವಾರವೇ ಈ ಹುಡುಗನನ್ನು ಕೇಳಬಹುದಿತ್ತು, ಅಲ್ವಾ.

ಗೋಡೆಯಿಂದ ಶುರು

ಸೋಮವಾರ ಬೆಳಿಗ್ಗೆಯೇ ಹೋಗಿ ಕೂತೆ. ಗೋಡೆಯ ಸಾಕೆಟ್‌ನಿಂದ ಶುರು ಮಾಡಿ ಸರ್ವರ್ ಕಡೆಗೆ ಬರುವುದು ನನ್ನ ಕ್ರಮ. ಒಳಗಿನಿಂದ ಹೊರಗೆ ಹೋದರೆ ದುಬಾರಿ ಸಾಮಾನುಗಳ ಮೇಲೇ ಮೊದಲು ಅನುಮಾನ ಬರುತ್ತದೆ.

ಮಲ್ಟಿಮೀಟರ್ ಎಸಿ ವೋಲ್ಟ್‌ಗೆ ಇಟ್ಟು ಮೂರು ಅಳತೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ಆಸುಪಾಸು ಇರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ 2-3 ವೋಲ್ಟ್ ಒಳಗೆ. ಲೈವ್ ಸಾಕೆಟ್‌ಗೆ ಪ್ರೋಬ್ ಹಾಕಿ ಅಭ್ಯಾಸ ಇಲ್ಲದವರು ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ.

ಬೆಳಿಗ್ಗೆ ಹತ್ತಕ್ಕೆ ಮೊದಲ ಅಳತೆ 231. ಸರಿ ಇದೆ. ಮೂರನೆಯದು 41 ವೋಲ್ಟ್. ಅಂದರೆ ಅರ್ಥಿಂಗ್ ಹೆಸರಿಗೆ ಮಾತ್ರ. ಸರ್ವರ್ ತಗಡಿಗೆ ಟೆಸ್ಟರ್ ಮುಟ್ಟಿಸಿದರೆ ಮಂಕಾಗಿ ಉರಿಯಿತು. ಅರ್ಥಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ತಗಡಿಗೆ ಅರ್ಧದಷ್ಟು ವೋಲ್ಟೇಜ್ ಬಂದು ಕೂರುತ್ತದೆ. ಮುಟ್ಟಿದರೆ ಝುಂ ಅನ್ನುತ್ತದೆ. "ಕಂಪ್ಯೂಟರ್ ಅಂದ್ರ ಹಂಗ ಇರ್ತೈತಿ" ಅಂತ ಅಂಗಡಿಯವರು ಅದಕ್ಕೆ ಒಗ್ಗಿಕೊಂಡಿದ್ದರು. ಹಾಗೆ ಇರಬಾರದು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಅಡಾಪ್ಟರ್ ಎಲ್ಲಿ ಕಂಡರೂ ಕಿತ್ತು ಬಿಸಾಕಿ.

ಕೆಲವು ಎಲೆಕ್ಟ್ರಿಷಿಯನ್‌ಗಳು ಇದಕ್ಕೊಂದು ಅಡ್ಡದಾರಿ ಹಿಡಿಯುತ್ತಾರೆ. ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್. ಮೀಟರ್ ಸೊನ್ನೆ ತೋರಿಸುತ್ತದೆ, ಎಲ್ಲರೂ ಖುಷಿ. ಎಂದಾದರೂ ಹೊರಗೆ ನ್ಯೂಟ್ರಲ್ ಕಡಿದರೆ ಸರ್ವರ್ ತಗಡಿಗೆ ಪೂರ್ತಿ ಫೇಸ್ ಬರುತ್ತದೆ. ಮುಟ್ಟಿದವರು ಉಳಿಯುವುದು ಕಷ್ಟ. ಅಂಥ ತುಂಡು ಕಂಡರೆ ಆ ಸಾಕೆಟ್ ಬಳಸಬೇಡಿ, ಬೇರೆಯವರನ್ನು ಕರೆಸಿ. ಇದ್ದಿಲು ಉಪ್ಪು ಹಾಕಿದ ಹಳೇ ಅರ್ಥಿಂಗ್ ಗುಂಡಿ ಇದ್ದರೆ ಬೇಸಿಗೆಯಲ್ಲಿ ಅದಕ್ಕೆ ಆಗಾಗ ನೀರು ಹಾಕಬೇಕು. ಈ ಅಂಗಡಿಯ ಗುಂಡಿಯ ಮೇಲೆ ಚೀಲದ ಥಪ್ಪಿ ಇತ್ತು.

ಆದರೂ ಅರ್ಥಿಂಗ್ ಸೋಮವಾರ ಗುರುವಾರ ನೋಡಿಕೊಂಡು ಕೆಡುವುದಿಲ್ಲ. ಅದನ್ನು ಬರೆದಿಟ್ಟುಕೊಂಡು ಕಾದೆ. ಹನ್ನೆರಡಕ್ಕೆ ಮೊದಲ ಅಳತೆ 214. ಒಂದೂವರೆಗೆ 190. ಎರಡಕ್ಕೆ 178. ಬಿಸಿಲು ಏರಿದ ಹಾಗೆ ಸುತ್ತಲಿನ ಏಸಿ, ಕೂಲರ್, ಮೋಟಾರುಗಳೆಲ್ಲ ಓಡುತ್ತವೆ, ವೋಲ್ಟೇಜ್ ಕೂರುತ್ತದೆ. ಯುಪಿಎಸ್ ಒಳಗೆ ಆಗಾಗ ಟಕ್ ಟಕ್ ಅಂತ ರಿಲೇ ಸದ್ದು. ಇಷ್ಟು ಇಳಿದಾಗ ಅದು ಬೂಸ್ಟ್ ಮಾಡುತ್ತದೆ, ಇನ್ನೂ ಇಳಿದರೆ ಬ್ಯಾಟರಿಗೆ ಹೋಗುತ್ತದೆ. ಅದರ ಕೆಲಸವೇ ಅದು.

ಎರಡೂ ಹತ್ತಕ್ಕೆ ಒಂದು ಪಟ್ಟಿ ಹೊಡೆದರು. ಲೇಸರ್ ಪ್ರಿಂಟರ್ ಗುರ್ ಅಂತ ಎದ್ದಿತು. ಅದೇ ಕ್ಷಣಕ್ಕೆ ಯುಪಿಎಸ್ ಟಕ್ ಅಂದಿತು, ಒಂದು ಉದ್ದ ಬೀಪ್, ಕೆಂಪು ದೀಪ. ಸ್ವಿಚ್ ಕತ್ತಲು. ಸರ್ವರ್ ಫ್ಯಾನ್ ಸದ್ದು ನಿಂತಿತು. ಅರೆಕ್ಷಣಕ್ಕೆ ಎಲ್ಲ ವಾಪಸ್ ಬಂತು, ಸರ್ವರ್ ಮೊದಲಿನಿಂದ ಏಳತೊಡಗಿತು. ಒಳಗಿನಿಂದ ಆರು ಜನರ ಕೂಗು.

ನೆಲಕ್ಕೆ ಬಗ್ಗಿ ಪ್ರಿಂಟರ್ ಕೇಬಲ್ ಹಿಡಿದು ಹೋದೆ. ಅದು ಹೋಗಿ ಸೇರಿದ್ದು ಯುಪಿಎಸ್ ಹಿಂದಿನ ಮೂರನೇ ಸಾಕೆಟ್‌ಗೆ. ಕರೆಂಟ್ ಹೋದಾಗ ಪಟ್ಟಿ ನಿಲ್ಲುತ್ತದೆ ಅಂತ ಒಂದು ತಿಂಗಳ ಹಿಂದೆ ಯಾರೋ ಅಲ್ಲಿ ಹಾಕಿದ್ದರು. "ಅದೇನು ದೊಡ್ಡದಲ್ಲಲ್ರಿ" ಅಂದರು ದಿವಾಣಜಿ.

ಲೆಕ್ಕ ಹಾಕಿ ತೋರಿಸಿದೆ. ಯುಪಿಎಸ್ ಮೇಲೆ 1 ಕೆವಿಎ ಅಂತ ದೊಡ್ಡದಾಗಿ ಬರೆದಿದೆ. ಸಣ್ಣ ಅಕ್ಷರದಲ್ಲಿ 600 ವ್ಯಾಟ್. ನಮಗೆ ಬೇಕಾದದ್ದು ಸಣ್ಣ ಅಕ್ಷರ. ಸರ್ವರ್ 120-150, ಮಾನಿಟರ್ 25, ಸ್ವಿಚ್ ರೂಟರ್ ಸೇರಿ 20. ಆರಾಮ. ಆದರೆ ಲೇಸರ್ ಪ್ರಿಂಟರ್ ಒಳಗೆ ಟೋನರ್ ಕರಗಿಸುವ ಫ್ಯೂಸರ್ ಇದೆ. ಬಿಸಿಯಾಗುವ ಆ ಕೆಲವು ಸೆಕೆಂಡ್ ಅದು 800-900 ವ್ಯಾಟ್ ಎಳೆಯಬಹುದು. ಮೇನ್ಸ್ ಚೆನ್ನಾಗಿದ್ದಾಗ ಆ ಹೊರೆ ಯುಪಿಎಸ್ ದಾಟಿ ನೇರ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಬ್ಯಾಟರಿ ಮೇಲಿದ್ದಾಗ ಬಂದರೆ ತಡೆಯುವುದಿಲ್ಲ. ವೋಲ್ಟೇಜ್ ಬಿದ್ದ ಕ್ಷಣ ಮತ್ತು ಪ್ರಿಂಟ್ ಹೊಡೆದ ಕ್ಷಣ ಎರಡೂ ಕೂಡಿದಾಗ ಮಾತ್ರ ಸರ್ವರ್ ಬೀಳುತ್ತಿತ್ತು. ಅದಕ್ಕೇ ಪ್ರತಿ ಪಟ್ಟಿಗೂ ಬೀಳುತ್ತಿರಲಿಲ್ಲ, ಬುಧವಾರ ಬೀಳುತ್ತಲೇ ಇರಲಿಲ್ಲ. ವಾಪಸ್ ತಾನಾಗಿ ಏಳುತ್ತಿದ್ದದ್ದು ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್) ಕರೆಂಟ್ ಬಂದ ಕೂಡಲೇ ಆನ್ ಆಗು ಅಂತ ಇಟ್ಟಿದ್ದರಿಂದ.

ಬ್ಯಾಟರಿಯನ್ನೂ ನೋಡಿದೆ. ಸುಮ್ನೆ ಅಳೆದರೆ ಒಂದೊಂದೂ 12.8 ವೋಲ್ಟ್, ಹೊಸದರ ಹಾಗೆ. ಹೊರೆ ಕೊಟ್ಟಾಗ ನೋಡಬೇಕು. ಯುಪಿಎಸ್ ಪರೀಕ್ಷೆಗೆ ಓಡುತ್ತಿರುವ ಸರ್ವರ್ ಇಟ್ಟುಕೊಂಡು ಗೋಡೆಯ ಪ್ಲಗ್ ಕೀಳಬೇಡಿ. ಸರ್ವರ್ ಶಟ್‌ಡೌನ್ ಮಾಡಿ, ಅದರ ಬದಲು ಎರಡು ಹಳೇ 100 ವ್ಯಾಟ್ ಬಲ್ಬ್ ಹಾಕಿ ಕೀಳಿ. ಇಲ್ಲಿ ಎರಡು ನಿಮಿಷಕ್ಕೆ ಬಲ್ಬ್ ಮಂಕಾಯಿತು, ಬ್ಯಾಟರಿ ಒಂದೊಂದೂ 10ಕ್ಕಿಂತ ಕೆಳಗೆ. ನಾಲ್ಕು ವರ್ಷ ಹಳೆಯವು. ಈ ಮುಚ್ಚಿದ ಸೀಸದ ಬ್ಯಾಟರಿಗಳು ತಂಪಿನಲ್ಲಿ ಮೂರರಿಂದ ಐದು ವರ್ಷ ಬರುತ್ತವೆ. ಬಿಸಿಲಿನ ಗೋಡೆಗೆ ಒತ್ತಿಟ್ಟರೆ ಅಷ್ಟೂ ಬರುವುದಿಲ್ಲ.

ಹೊಸ ಯುಪಿಎಸ್ ಕೊಳ್ಳುವವರಿಗೆ ಒಂದು ಮಾತು. ಈಗಿನ ಸರ್ವರ್ ಎಸ್‌ಎಂಪಿಎಸ್‌ಗಳು ಆಕ್ಟಿವ್ ಪಿಎಫ್‌ಸಿ, ಅಂದರೆ ಕರೆಂಟನ್ನು ಅಲೆಗೆ ತಕ್ಕಂತೆ ಎಳೆಯುವ ಸರ್ಕ್ಯೂಟ್, ಇರುವಂಥವು. ಬ್ಯಾಟರಿಗೆ ಹೋದಾಗ ಚೌಕದ ಅಲೆ ಕೊಡುವ ಅಗ್ಗದ ಯುಪಿಎಸ್ ಇವುಗಳಲ್ಲಿ ಕೆಲವಕ್ಕೆ ಒಗ್ಗುವುದಿಲ್ಲ. ಹೊರೆ ಕಡಿಮೆ ಇದ್ದರೂ ಸರ್ವರ್ ಆಫ್ ಆಗಿಬಿಡುತ್ತದೆ. ಪ್ಯೂರ್ ಸೈನ್ ವೇವ್ ಅಂತ ಬರೆದದ್ದನ್ನೇ ಕೇಳಿ.

ಕ್ಯಾಲೆಂಡರ್ ಹಿಂದಿನ ದೀಪ

ಎದ್ದು ನಿಲ್ಲುವಾಗ ಸರ್ವರ್ ಮೇಲೆ ನೇತುಹಾಕಿದ್ದ ಕ್ಯಾಲೆಂಡರ್ ಭುಜಕ್ಕೆ ತಗುಲಿ ಸರಿಯಿತು. ಅದರ ಹಿಂದೆ ಎರಡು ಹಾರ್ಡ್ ಡಿಸ್ಕ್. ಒಂದರ ದೀಪ ಹಸಿರು, ಇನ್ನೊಂದರದು ಕಿತ್ತಳೆ. ಬುಧವಾರ ನಾನೂ ಇದನ್ನು ಗಮನಿಸಿರಲಿಲ್ಲ. ಅದರ ಬೀಪ್ ಸದ್ದು ಬಂದಿತ್ತಂತೆ, ಯುಪಿಎಸ್‌ನದು ಅಂತ ತಿಳಿದು ಯಾರೋ ನಿಲ್ಲಿಸಿದ್ದರು.

ಇದು ರೇಡ್ 1. ಬರೆದದ್ದೆಲ್ಲ ಎರಡೂ ಡಿಸ್ಕಿನಲ್ಲಿ ಇರುತ್ತದೆ. ಒಂದು ಸತ್ತರೂ ಕೆಲಸ ನಡೆಯುತ್ತದೆ, ಅದಕ್ಕೇ ಒಂದು ಸತ್ತದ್ದು ಗೊತ್ತಾಗುವುದಿಲ್ಲ. ಈ ಹಂತದಲ್ಲಿ ಡಿಸ್ಕ್ ಕೆಟ್ಟು ಡೇಟಾ ಹೋದದ್ದಕ್ಕಿಂತ, ಗಡಿಬಿಡಿಯಲ್ಲಿ ಮನುಷ್ಯರ ಕೈಯಿಂದ ಡೇಟಾ ಹೋದದ್ದನ್ನೇ ನಾನು ಜಾಸ್ತಿ ನೋಡಿದ್ದು. ಹಾಗಾಗಿ ನಿಧಾನ.

ಮೊದಲು ಬ್ಯಾಕಪ್, ಹೊರಗಿನ ಡಿಸ್ಕಿಗೆ. ತೆಗೆದು ಸುಮ್ಮನಾಗಬೇಡಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು ನಿನ್ನೆಯ ಒಂದು ಪಟ್ಟಿ ಕಾಣುತ್ತದಾ ನೋಡಿ. ರೇಡ್ ಇದೆಯಲ್ಲ ಅಂದರೆ ಆಗಲಿಲ್ಲ. ತಪ್ಪಿ ಒಂದು ಖಾತೆ ಅಳಿಸಿದರೆ ರೇಡ್ ಅದನ್ನು ಎರಡೂ ಡಿಸ್ಕಿನಿಂದ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ.

ಆಮೇಲೆ, ಸತ್ತದ್ದು ಯಾವುದು? ಸ್ಕ್ರೀನ್ ಮೇಲೆ ಡಿಸ್ಕ್ 1 ಅಂತ ಬಂದಿತು. ಮೊದಲನೆಯದನ್ನು ಕಿತ್ತರೆ ಮುಗಿಯಿತು ಕಥೆ, ಏಕೆಂದರೆ ಇಲ್ಲಿ ಎಣಿಕೆ 0 ಯಿಂದ ಶುರು. ಡಿಸ್ಕ್ 1 ಅಂದರೆ ಎರಡನೆಯದು. ರೇಡ್ ಸಾಫ್ಟ್‌ವೇರ್‌ನಲ್ಲಿ ಆ ಡಿಸ್ಕಿನ ದೀಪ ಮಿಟುಕಿಸುವ ಆಯ್ಕೆ ಇರುತ್ತದೆ, ಅದನ್ನು ಒತ್ತಿ. ಸೀರಿಯಲ್ ನಂಬರ್ ಬರೆದುಕೊಂಡು, ಹೊರಗೆ ಎಳೆದ ಡಿಸ್ಕಿನ ಲೇಬಲ್ ಜೊತೆ ಹೋಲಿಸಿ. ಹಾಟ್ ಸ್ವಾಪ್ (ಓಡುತ್ತಿರುವಾಗಲೇ ಡಿಸ್ಕ್ ತೆಗೆಯುವ ಸೌಲಭ್ಯ) ಇಲ್ಲದ, ಕೇಬಲ್ ಹಾಕಿದ ಡಿಸ್ಕ್ ಆದರೆ ಸರ್ವರ್ ಆಫ್ ಮಾಡಿಯೇ ತೆಗೆಯಬೇಕು.

ಡಿಸ್ಕ್ ನಿಜವಾಗಿ ಸತ್ತಿದೆಯಾ ಅಂತಲೂ ನೋಡಿ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಬರೆದಿಡುವ ಸ್ಮಾರ್ಟ್ ಮಾಹಿತಿಯಲ್ಲಿ 5 ಮತ್ತು 197ನೇ ಸಾಲಿನ ಎಣಿಕೆ ಏರುತ್ತಿದ್ದರೆ ಡಿಸ್ಕಿನ ಮೈಯೇ ಹಾಳಾಗುತ್ತಿದೆ. ಬರೀ 199 ಏರುತ್ತಿದ್ದರೆ ಹೆಚ್ಚಾಗಿ ಕೇಬಲ್ ಅಥವಾ ಕನೆಕ್ಟರ್. ಹೊಸ ಡಿಸ್ಕಿಗೆ ಖರ್ಚು ಮಾಡುವ ಮೊದಲು ಕೇಬಲ್ ಬದಲಿಸಿ.

ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಹೆಚ್ಚು ಗಾತ್ರದ್ದಾಗಿರಬೇಕು. ಡಿಸ್ಕ್ ಜೋಡಣೆಯಲ್ಲಿ ಸಾಟಾ, ಸಾಸ್ ಅಂತ ಎರಡು ಜಾತಿ, ಸಾಟಾ ಜಾಗಕ್ಕೆ ಸಾಸ್ ಡಿಸ್ಕ್ ಹೋಗುವುದಿಲ್ಲ. ಕೂರಿಸಿದ ಮೇಲೆ ರೀಬಿಲ್ಡ್, ಅಂದರೆ ಉಳಿದ ಡಿಸ್ಕಿನಿಂದ ಹೊಸದಕ್ಕೆ ನಕಲು, ಶುರುವಾಗುತ್ತದೆ. 2 ಟಿಬಿ ಆದರೆ ಎಷ್ಟೋ ತಾಸು ಹಿಡಿಯುತ್ತದೆ. ಟೆಂಡರ್ ದಿನ ಬೇಡ, ಶನಿವಾರ ಸಂಜೆ ಹಾಕಿ ಮನೆಗೆ ಹೋಗಿ.

ನಡುವೆ "ಫಾರಿನ್ ಕಾನ್ಫಿಗರೇಶನ್" ಅಂತ ಬಂದರೆ ಹೆದರಬೇಡಿ. ವಿದೇಶದ್ದೇನಲ್ಲ, ಈ ಡಿಸ್ಕಿನ ಮೇಲೆ ಬೇರೆ ಗುರುತು ಇದೆ ಅಂತ ರೇಡ್ ಕಾರ್ಡ್ ಹೇಳುತ್ತಿದೆ. ಇಂಪೋರ್ಟ್, ಕ್ಲಿಯರ್ ಅಂತ ಎರಡು ಆಯ್ಕೆ ಕೊಡುತ್ತದೆ. ಡೇಟಾ ಇರುವ ನಿಮ್ಮದೇ ಹಳೇ ಡಿಸ್ಕ್ ಮೇಲೆ ಕ್ಲಿಯರ್ ಒತ್ತಬೇಡಿ. ಇನಿಶಿಯಲೈಸ್ ಅಂತೂ ಬೇಡವೇ ಬೇಡ.

ಉಳಿದವು, ಬೇಗ ಬೇಗ

ಸರ್ವರ್ ಆನ್ ಆಗುತ್ತದೆ, ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ರ‍್ಯಾಮ್ ಬದಲಿಸಿದ ಮೇಲೆ ಹೀಗಾದರೆ ಮೊದಲು ಐದು ನಿಮಿಷ ಸುಮ್ಮನಿರಿ. ಹೊಸ ರ‍್ಯಾಮ್ ಪರೀಕ್ಷೆಗೆ ಮೊದಲ ಸಲ ಅಷ್ಟು ಹೊತ್ತು ಬೇಕು, ಹೊಸ ತಲೆಮಾರಿನ ಡಿಡಿಆರ್5 ಆದರೆ ಇನ್ನೂ ಜಾಸ್ತಿ. ಆಮೇಲೂ ಬರದಿದ್ದರೆ ಒಂದೇ ರ‍್ಯಾಮ್ ಉಳಿಸಿ ಮುಚ್ಚಳದ ಒಳಗಿನ ಚಿತ್ರದಲ್ಲಿ ತೋರಿಸಿದ ಮೊದಲ ಸ್ಲಾಟಿಗೆ ಹಾಕಿ. ಎರಡೂ ಕಡೆ ಕ್ಲಿಕ್ ಅನ್ನಬೇಕು. ಸರ್ವರ್ ರ‍್ಯಾಮ್‌ನಲ್ಲಿ ರಿಜಿಸ್ಟರ್ಡ್ ಮತ್ತು ಅನ್‌ಬಫರ್ಡ್ ಎರಡು ಜಾತಿ. ಡಿಡಿಆರ್4ನಲ್ಲಿ ಎರಡೂ ಒಂದೇ ಸ್ಲಾಟಿಗೆ ಕೂರುತ್ತವೆ. ಆದರೆ ತಪ್ಪು ಜಾತಿ ಹಾಕಿದರೆ ಸರ್ವರ್ ಏಳುವುದಿಲ್ಲ. ಪಿನ್ ಒರೆಸಲು ಮಕ್ಕಳ ರಬ್ಬರ್ ಬಳಸುವ ಚಟ ನನಗೂ ಇತ್ತು, ಬಿಟ್ಟಿದ್ದೇನೆ. ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನಾರು ಬಿಡದ ಬಟ್ಟೆ ಸಾಕು.

ಗಡಿಯಾರ ಪ್ರತಿ ಸಲ ಹಳೇ ತಾರೀಖಿಗೆ ಹೋಗುತ್ತಿದ್ದರೆ ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಮುಗಿದಿದೆ. ಹೊಸದು 3 ವೋಲ್ಟ್ ತೋರಿಸುತ್ತದೆ. ಗಡಿಯಾರ ಐದು ನಿಮಿಷಕ್ಕಿಂತ ಹೆಚ್ಚು ತಪ್ಪಿದರೆ ಡೊಮೈನ್ ಲಾಗಿನ್ (ಸರ್ವರ್ ಒಪ್ಪಿಗೆಯಿಂದ ಕಂಪ್ಯೂಟರ್ ಒಳಗೆ ಹೋಗುವುದು) ಕೂಡ ನಿಲ್ಲುತ್ತದೆ, ಜನ ಪಾಸ್‌ವರ್ಡ್ ತಪ್ಪು ಅಂದುಕೊಂಡು ಒದ್ದಾಡುತ್ತಾರೆ.

ಫ್ಯಾನ್ ವಿಮಾನದ ಹಾಗೆ ಕೂಗಿದರೆ ಧೂಳು ಅಥವಾ ಜಾಗದ ತೊಂದರೆ. ಒಳಗೆ ಹೋಗುವ ಗಾಳಿ 18 ರಿಂದ 27 ಡಿಗ್ರಿ ಇರಲಿ ಅನ್ನುವುದು ಏಸಿ ಎಂಜಿನಿಯರುಗಳ ಆಶ್ರೇ ಸಂಸ್ಥೆಯ ಶಿಫಾರಸು. ಮರದ ಕಪಾಟಿನಲ್ಲಿ ಬಾಗಿಲು ಹಾಕಿಟ್ಟರೆ ಅದು ಆಗದ ಮಾತು. ನೆಲದಿಂದ ಒಂದಡಿ ಮೇಲೆ, ಮುಂದೆ ಹಿಂದೆ ಗೇಣು ಜಾಗ ಬಿಟ್ಟು ಇಡಿ.

ಅಂಗಡಿಯಲ್ಲಿ ಕೊನೆಗೆ ಮಾಡಿದ್ದು

ಪ್ರಿಂಟರ್ ಗೋಡೆಯ ಸಾಕೆಟ್‌ಗೆ ಹೋಯಿತು. ಯುಪಿಎಸ್‌ನ ಖಾಲಿ ಸಾಕೆಟ್ ಮೇಲೆ ಕೆಂಪು ಟೇಪ್ ಅಂಟಿಸಿದೆ. ಬ್ಯಾಟರಿ ಹೊಸದು. ಎಲೆಕ್ಟ್ರಿಷಿಯನ್ ಚೀಲಗಳನ್ನು ಎತ್ತಿಸಿ ಅರ್ಥಿಂಗ್ ಮತ್ತೆ ಮಾಡಿದರು, ಈಗ ನ್ಯೂಟ್ರಲ್ ಅರ್ಥ್ ನಡುವೆ 1.4 ವೋಲ್ಟ್. ಯುಪಿಎಸ್ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕೂಡ ಬಿಚ್ಚದೆ ಇದ್ದ ಯುಎಸ್‌ಬಿ ಕೇಬಲ್ಲನ್ನು ಸರ್ವರ್‌ಗೆ ಹಾಕಿದೆ. ಕರೆಂಟ್ ಹೋಗಿ ಐದು ನಿಮಿಷ ಆದರೆ ಸರ್ವರ್ ಈಗ ತಾನೇ ಸರಿಯಾಗಿ ಶಟ್‌ಡೌನ್ ಆಗುತ್ತದೆ. ಡಿಸ್ಕ್ ಶನಿವಾರ ಹಾಕಿದೆ. ಕ್ಯಾಲೆಂಡರ್ ಎದುರಿನ ಗೋಡೆಗೆ ಹೋಯಿತು.

"ಎಲ್ಲಾ ಖರೇರಿ, ಕರೆಂಟ್ ಹೋದಾಗ ಪಟ್ಟಿ ಹೆಂಗ ಹೊಡೀಬೇಕು?" ಅಂದರು ದಿವಾಣಜಿ. ನ್ಯಾಯವಾದ ಪ್ರಶ್ನೆ, ಪ್ಲಗ್ ಅಲ್ಲಿಗೆ ಹೋದದ್ದೇ ಅದಕ್ಕಾಗಿ. ಅಟ್ಟದ ಮೇಲೆ ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಬಿದ್ದಿತ್ತು. ಫ್ಯೂಸರ್ ಇಲ್ಲ, ಒಂದು ಬಲ್ಬಿನಷ್ಟು ಕರೆಂಟ್ ಸಾಕು. ಹೊಸ ರಿಬ್ಬನ್ ತರಿಸಿ ಯುಪಿಎಸ್ ಮೇಲೇ ಇಟ್ಟೆವು, ಹೊರೆ ಅರ್ಧವೂ ಏರಲಿಲ್ಲ. ಕಾರ್ಬನ್ ಇಟ್ಟರೆ ಒಂದೇ ಸಲಕ್ಕೆ ಎರಡು ಪ್ರತಿ ಬರುತ್ತವೆ ಅಂತ ದಿವಾಣಜಿಯವರಿಗೆ ಅದೇ ಈಗ ಇಷ್ಟ. ಸದ್ದು ಮಾತ್ರ ಜಾಸ್ತಿ.